ಮ್ಯಾಥ್ಸ್ ತಗೊಳ್ಳೋದಾ, ಬಿಡೋದಾ?

ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ವಾರ ನನಗೆ ನೆಂಟರ ಫೋನು ಜಾಸ್ತಿ. ನಾನು ಮೇಡಮ್ಮೂ ಅಲ್ಲ, ಲೆಕ್ಚರರೂ ಅಲ್ಲ. ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರ ಅಕೌಂಟ್ಸ್‌ನಲ್ಲಿ ಕೆಲಸ ಮಾಡುವವಳು. ಆದರೂ "ನೀನು ಲೆಕ್ಕದವಳು, ನಿನಗೆ ಗೊತ್ತಿರತ್ತೆ" ಅಂತ ಶುರು ಮಾಡುತ್ತಾರೆ. ಪ್ರಶ್ನೆ ಮಾತ್ರ ಪ್ರತಿ ವರ್ಷ ಒಂದೇ. ಹುಡುಗನಿಗೆ ಮ್ಯಾಥ್ಸ್ ಕೊಡಿಸೋದಾ, ಬೇಡ್ವಾ?

ಯಾವ ಮ್ಯಾಥ್ಸ್ ಅಂತ ಯಾರೂ ಕೇಳುವುದಿಲ್ಲ. ನಮ್ಮ ತಲೆಯಲ್ಲಿ ಹತ್ತನೇ ಕ್ಲಾಸಿನ ಆಚೆ ಮ್ಯಾಥ್ಸ್ ಅಂದರೆ ಒಂದೇ ಒಂದು. ಅದು ಸೈನ್ಸ್‌ನವರದು. ಇಂಜಿನಿಯರಿಂಗ್ ಬೇಕಾದರೆ ತಗೊಳ್ಳಬೇಕು, ಬೇಡವಾದರೆ ಆ ದಿನದಿಂದಲೇ ಕೈ ತೊಳೆದುಕೊಳ್ಳಬಹುದು. ಹದಿನೈದು ವರ್ಷದ ಹುಡುಗ ಅಥವಾ ಹುಡುಗಿ ಅಪ್ಲಿಕೇಶನ್ ಫಾರಂನಲ್ಲಿ ಒಂದು ಟಿಕ್ ಹಾಕಿ ಅದನ್ನು ತೀರ್ಮಾನ ಮಾಡಬೇಕು. ನನ್ನ ತಕರಾರು ಇಲ್ಲೇ. ಹೈಸ್ಕೂಲು, ಪಿಯು ವಯಸ್ಸಿನ ಮಕ್ಕಳಿಗೆ ನಮ್ಮಲ್ಲಿ ನಾಲ್ಕೈದು ಬಗೆಯ ಗಣಿತ ಇದೆ. ನಡುವಿನದ್ದನ್ನು ನಾವು ಕಣ್ಣೆತ್ತಿ ನೋಡುವುದಿಲ್ಲ.

ಮೊದಲು ಹತ್ತನೇ ಕ್ಲಾಸಿನ ಅಂಕದ ವಿಷಯ. ನಮ್ಮ ರಾಜ್ಯದ ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ 80 ಅಂಕದ ಪೇಪರ್, 20 ಇಂಟರ್ನಲ್. ಆ 80ರಲ್ಲಿ ಪಾಸಿನ ಗೆರೆ ದಾಟಿಸುವುದಕ್ಕೆ ಸರ್ಕಾರಿ ಶಾಲೆಗಳಲ್ಲಿ ಒಂದು ದಾರಿ ಮಾಡಿಕೊಂಡಿದ್ದಾರೆ. ಹೆಸರು ಪಾಸಿಂಗ್ ಪ್ಯಾಕೇಜ್. ಎರಡು ಸಮೀಕರಣ ಕೊಟ್ಟು ಗ್ರಾಫ್ ಎಳೆಯುವುದು, ಸರಾಸರಿ-ಮಧ್ಯಾಂಕದ ಕೋಷ್ಟಕ, ಥೇಲ್ಸನ ಪ್ರಮೇಯ. ಇಷ್ಟನ್ನು ಡಿಸೆಂಬರಿನಿಂದ ತಿದ್ದಿಸಿ ತಿದ್ದಿಸಿ ಕೈಗೆ ಕೂರಿಸುತ್ತಾರೆ. ನಾನು ಇದನ್ನು ಆಡಿಕೊಳ್ಳುತ್ತಿಲ್ಲ. ಗಣಿತದಲ್ಲಿ ಫೇಲಾದ ಹೆಣ್ಣುಮಕ್ಕಳಿಗೆ ಮದುವೆ ಮಾಡಿ ಕಳಿಸುವ ಊರುಗಳಲ್ಲಿ ಆ ಪ್ಯಾಕೇಜು ಎಷ್ಟೋ ಮಕ್ಕಳನ್ನು ಕಾಲೇಜಿನ ಮೆಟ್ಟಿಲು ಹತ್ತಿಸಿದೆ. ಆದರೆ ಹಾಗೆ ಬಂದ ಅಂಕ ನೋಡಿ "ಇವನಿಗೆ ಲೆಕ್ಕ ಬರುತ್ತೆ" ಅಂತಾಗಲಿ "ಇವಳಿಗೆ ಬರಲ್ಲ" ಅಂತಾಗಲಿ ಹೇಳೋಕಾಗಲ್ಲ. ಪ್ರಮೇಯವನ್ನು ಪದ್ಯದ ಥರ ಒಪ್ಪಿಸಿ 95 ತೆಗೆದವರೂ ಇದ್ದಾರೆ. ಶಾಲೆ ಮುಗಿಸಿ ಅಂಗಡಿಯಲ್ಲಿ ಕೂತು ಬಾಯಲ್ಲೇ ಶೇಕಡಾ ಲೆಕ್ಕ ಹಾಕುತ್ತಾ ಪೇಪರಿನಲ್ಲಿ 40 ತೆಗೆದವರೂ ಇದ್ದಾರೆ.

ಸಿಬಿಎಸ್‌ಇಯವರು ಇದಕ್ಕೆ ಇನ್ನೊಂದು ರೀತಿಯ ಪರಿಹಾರ ಹುಡುಕಿದರು. 2020ರ ಪರೀಕ್ಷೆಯಿಂದ ಹತ್ತರಲ್ಲಿ ಎರಡು ಪೇಪರ್, ಸ್ಟ್ಯಾಂಡರ್ಡ್ ಮತ್ತು ಬೇಸಿಕ್. ಸಿಲಬಸ್ ಒಂದೇ, ಕ್ಲಾಸ್‌ರೂಂ ಒಂದೇ, ಪುಸ್ತಕವೂ ಒಂದೇ. ಕೊನೆಯ ಪೇಪರ್ ಮಾತ್ರ ಬೇರೆ. ಮುಂದೆ ಮ್ಯಾಥ್ಸ್ ಓದದವರಿಗೆ ಬೇಸಿಕ್ ಅನ್ನುವುದು ಉದ್ದೇಶ. ಬೇಸಿಕ್ ಬರೆದವರು ಹನ್ನೊಂದರಲ್ಲಿ ಮ್ಯಾಥ್ಸ್ ತಗೊಳ್ಳುವಂತಿಲ್ಲ ಅಂತ ಮೊದಲು ಇತ್ತು. ಕೋವಿಡ್ ಬಂದಾಗ ಅದನ್ನು ಸಡಿಲ ಮಾಡಿದರು. ಇದರಿಂದ ಪರೀಕ್ಷೆಯ ಹೆದರಿಕೆ ಕಡಿಮೆಯಾಗಿರಬಹುದು. ಆದರೆ ಕಲಿಯುವ ವಿಷಯ ಒಂದಿಷ್ಟೂ ಬದಲಾಗದೆ ಪ್ರಶ್ನೆ ಮಾತ್ರ ಸುಲಭವಾದರೆ ಅದನ್ನು ಇನ್ನೊಂದು ಗಣಿತ ಅಂತ ನಾನು ಕರೆಯಲಾರೆ.

ಇನ್ನು ಪಿಯು. ತೊಂಬತ್ತರ ಮೇಲೆ ಬಂದರೆ ಪಿಸಿಎಂಬಿ, ಇದು ನಮ್ಮಲ್ಲಿ ಬರೆಯದ ಕಾನೂನು. ಡಾಕ್ಟರ್ ದಾರಿಯೂ ಇರಲಿ, ಇಂಜಿನಿಯರ್ ದಾರಿಯೂ ಇರಲಿ ಅಂತ ಎರಡೂ ಕಡೆ ಕಾಲಿಡುವ ಲೆಕ್ಕಾಚಾರ. ಕಂಪ್ಯೂಟರ್ ಕಡೆ ಒಲವಿದ್ದರೆ ಪಿಸಿಎಂಸಿ. ಎರಡರಲ್ಲೂ ಮ್ಯಾಥ್ಸ್ ಅದೇ, ಎನ್‌ಸಿಇಆರ್‌ಟಿಯದು. ಮೊದಲ ವರ್ಷ ಗಣಗಳು, ತ್ರಿಕೋನಮಿತಿ, ಸಂಮಿಶ್ರ ಸಂಖ್ಯೆ, ಶಂಕುಜಗಳು, ಲಿಮಿಟ್. ಎರಡನೇ ವರ್ಷ ಮ್ಯಾಟ್ರಿಕ್ಸ್, ಡಿಫರೆನ್ಶಿಯೇಷನ್, ಇಂಟಿಗ್ರೇಷನ್, ವೆಕ್ಟರ್. ಒಳ್ಳೆಯ ಗಣಿತ ಅದು, ಅದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ತೊಂದರೆ ಇರುವುದು ಹತ್ತಕ್ಕೂ ಹನ್ನೊಂದಕ್ಕೂ ನಡುವಿನ ಎತ್ತರದಲ್ಲಿ. ಹತ್ತನೇ ಕ್ಲಾಸಿನಲ್ಲಿ ತ್ರಿಕೋನಮಿತಿ ಅಂದರೆ ಒಂದು ಲಂಬಕೋನ ತ್ರಿಭುಜ, ಒಂದು ಕಂಬ, ಅದರ ನೆರಳು. ಜೂನಿನಲ್ಲಿ ಅದೇ ಸೈನ್, ಕಾಸ್ ತ್ರಿಭುಜ ಬಿಟ್ಟು ವೃತ್ತಕ್ಕೆ ಹೋಗುತ್ತವೆ, ಋಣ ಬೆಲೆ ತಗೊಳ್ಳುತ್ತವೆ, ಕೋನಕ್ಕೆ ಡಿಗ್ರಿ ಹೋಗಿ ರೇಡಿಯನ್ ಬರುತ್ತದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇದೆಲ್ಲ ಮೊದಲ ಬಾರಿಗೆ ಇಂಗ್ಲಿಷಿನಲ್ಲಿ. ಮೊದಲ ಟೆಸ್ಟಿನಲ್ಲಿ 12 ಬಂದು, ಎಸ್‌ಎಸ್‌ಎಲ್‌ಸಿಯಲ್ಲಿ ಶಾಲೆಗೇ ಮೊದಲಾಗಿದ್ದ ಹುಡುಗಿ ಸೆಪ್ಟೆಂಬರಿನಲ್ಲಿ ಆರ್ಟ್ಸ್‌ಗೆ ಬದಲಾಯಿಸಿಕೊಳ್ಳುವುದನ್ನು ನಮ್ಮ ನೆಂಟರಲ್ಲೇ ನೋಡಿದ್ದೇನೆ.

ಮೇಲೆ ಸಿಇಟಿ. ಗಣಿತದ ಪೇಪರಿನಲ್ಲಿ 60 ಪ್ರಶ್ನೆ, 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. ಅಷ್ಟರಲ್ಲಿ ಓದಿ, ಬಿಡಿಸಿ, ಗುಂಡಿ ತುಂಬಬೇಕು. ಹಾಗಾಗಿ ಎರಡು ವರ್ಷ ಕಲಿಯುವುದರಲ್ಲಿ ದೊಡ್ಡ ಪಾಲು ಯೋಚನೆ ಮಾಡದೆ ಉತ್ತರ ಹೇಳುವ ಅಭ್ಯಾಸ. ಆಯ್ಕೆಗಳನ್ನೇ ಸಮೀಕರಣಕ್ಕೆ ಹಾಕಿ ನೋಡು, ಸೊನ್ನೆ ಹಾಕಿ ನೋಡು, ಎರಡನ್ನು ಹೊಡೆದುಹಾಕು. ಇದೂ ಒಂದು ಜಾಣತನವೇ, ಇಲ್ಲ ಅನ್ನಲ್ಲ.

ನೀಟ್ ಬರೆಯುವವರಿಗೆ ಗಣಿತದ ಪೇಪರೇ ಇಲ್ಲ. ಅದಕ್ಕೆ "ಡಾಕ್ಟರ್ ಆಗೋಕೆ ಮ್ಯಾಥ್ಸ್ ಯಾಕೆ" ಅನ್ನುತ್ತಾರೆ. ಆದರೆ 720ರಲ್ಲಿ 180 ಅಂಕ ಫಿಸಿಕ್ಸ್. ಇಂಟಿಗ್ರೇಷನ್ ಒಂದಿಷ್ಟಾದರೂ ಗೊತ್ತಿಲ್ಲದೆ ಆ ಫಿಸಿಕ್ಸ್ ಹೇಗೆ ಓದುತ್ತಾರೋ ನನಗಂತೂ ಅರ್ಥವಾಗಲ್ಲ. ಅಲ್ಲೂ ಫಾರ್ಮುಲಾ ಬಾಯಿಪಾಠವೇ ಇರಬೇಕು.

ಈಗ ನನ್ನ ಗಣಿತಕ್ಕೆ ಬರುತ್ತೇನೆ. ನಾನು ಓದಿದ್ದು ಕಾಮರ್ಸ್, ಜೊತೆಗೆ ಬೇಸಿಕ್ ಮ್ಯಾಥ್ಸ್. ಪಿಯು ಇಲಾಖೆಯ ವಿಷಯಗಳ ಪಟ್ಟಿಯಲ್ಲಿ ಇದು ಇವತ್ತಿಗೂ ಇದೆ. ಎಷ್ಟೋ ಜನರಿಗೆ ಹೀಗೊಂದು ವಿಷಯ ಇದೆ ಅಂತಲೇ ಗೊತ್ತಿಲ್ಲ. ಕೇಳಿದವರು ಕೂಡಾ ಕೂಡುವ ಕಳೆಯುವ ಲೆಕ್ಕ ಇರಬೇಕು ಅಂದುಕೊಳ್ಳುತ್ತಾರೆ. ಒಳಗೆ ಏನಿದೆ ನೋಡಿ. ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್. ಪರ್ಮ್ಯುಟೇಷನ್, ಕಾಂಬಿನೇಷನ್, ಪ್ರಾಬಬಿಲಿಟಿ. ಬೈನಾಮಿಯಲ್ ಪ್ರಮೇಯ. ತರ್ಕಶಾಸ್ತ್ರದ ಸತ್ಯ ಕೋಷ್ಟಕ. ವೃತ್ತ, ಪ್ಯಾರಾಬೋಲ. ಲಿಮಿಟ್, ಡಿಫರೆನ್ಶಿಯೇಷನ್, ಇಂಟಿಗ್ರೇಷನ್, ಅದೂ ಇದೆ. ಸೈನ್ಸ್‌ನವರಷ್ಟು ಆಳಕ್ಕೆ ಹೋಗುವುದಿಲ್ಲ, ಅಷ್ಟೇ. ಅದರ ಜಾಗದಲ್ಲಿ ಅವರ ಪುಸ್ತಕದಲ್ಲಿ ಇಲ್ಲದ ಪಾಠಗಳು ಬರುತ್ತವೆ: ಬಿಲ್ ಡಿಸ್ಕೌಂಟಿಂಗ್, ಸ್ಟಾಕ್ಸ್ ಅಂಡ್ ಶೇರ್ಸ್, ಲರ್ನಿಂಗ್ ಕರ್ವ್.

ಬಿಲ್ ಡಿಸ್ಕೌಂಟಿಂಗ್ ನನಗೆ ಮೊದಲ ಸಲ ಗಣಿತದಲ್ಲಿ ನಗು ತರಿಸಿದ ಪಾಠ. ಮೂರು ತಿಂಗಳ ನಂತರ ನಿಮಗೆ 10,200 ರೂಪಾಯಿ ಬರಬೇಕು ಅಂದುಕೊಳ್ಳಿ. ಅಷ್ಟು ಕೊಡುತ್ತೇನೆ ಅಂತ ಬರೆದುಕೊಟ್ಟ ಬಿಲ್ ಕೈಯಲ್ಲಿದೆ. ದುಡ್ಡು ಇವತ್ತೇ ಬೇಕು. ಬಡ್ಡಿ ವರ್ಷಕ್ಕೆ ಶೇಕಡಾ 8. ನ್ಯಾಯವಾಗಿ ನೋಡಿದರೆ ಆ ಬಿಲ್ಲಿನ ಇವತ್ತಿನ ಬೆಲೆ 10,000, ಯಾಕೆಂದರೆ 10,000ಕ್ಕೆ ಮೂರು ತಿಂಗಳ ಬಡ್ಡಿ 200. ಆದರೆ ಬ್ಯಾಂಕಿನವರು ಬಡ್ಡಿ ಮುರಿದುಕೊಳ್ಳುವುದು 10,200ರ ಮೇಲೆ. ಅದು 204 ಆಗುತ್ತದೆ. ನಿಮ್ಮ ಕೈಗೆ ಸಿಗುವುದು 9,996. ಆ ನಾಲ್ಕು ರೂಪಾಯಿ ಬ್ಯಾಂಕಿನ ಲಾಭ. ಲೆಕ್ಚರರ್ ಬೋರ್ಡಿನ ಮೇಲೆ ಇದನ್ನು ಬರೆದು "ಈ ನಾಲ್ಕು ರೂಪಾಯಿ ಎಲ್ಲಿಂದ ಬಂತು ಹೇಳಿ" ಅಂದಿದ್ದರು. ಕ್ಲಾಸಿನಲ್ಲಿ ಜಗಳವೇ ಆಯಿತು. ಕೊನೆಗೆ ಹಿಂದಿನ ಬೆಂಚಿನವಳೊಬ್ಬಳು ಕಂಡುಹಿಡಿದಳು: ಅದು 200ರ ಮೇಲಿನ ಬಡ್ಡಿ. ಇನ್ನೂ ನಿಮಗೆ ಬರದೇ ಇರುವ ಬಡ್ಡಿಯ ಮೇಲೆ ಬ್ಯಾಂಕು ಬಡ್ಡಿ ಹಾಕಿಕೊಂಡಿದೆ! ಇದರ ಜೊತೆಗೆ ಬಿಲ್ಲಿನ ಗಡುವಿಗೆ ಮೂರು ದಿನದ ಗ್ರೇಸ್ ಬೇರೆ. ಅದನ್ನು ಸೇರಿಸುವುದನ್ನು ಮರೆತರೆ ಉತ್ತರವೇ ತಪ್ಪು.

ಲರ್ನಿಂಗ್ ಕರ್ವ್ ಇನ್ನೂ ಚೆನ್ನಾಗಿತ್ತು. 1936ರಲ್ಲಿ ಟಿ.ಪಿ. ರೈಟ್ ಅನ್ನುವ ಅಮೆರಿಕದ ಇಂಜಿನಿಯರ್ ವಿಮಾನ ಕಟ್ಟುವ ಕಾರ್ಖಾನೆಯ ಲೆಕ್ಕ ನೋಡಿ ಬರೆದ ವಿಷಯ ಇದು. ಮಾಡಿದ ವಿಮಾನಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ ಒಂದೊಂದಕ್ಕೆ ಬೀಳುವ ಸರಾಸರಿ ಕೂಲಿ ಸಮಯ ಒಂದೇ ಪ್ರಮಾಣದಲ್ಲಿ ಇಳಿಯುತ್ತದೆ. 80 ಪರ್ಸೆಂಟ್ ಕರ್ವ್ ಅಂದರೆ, ಮೊದಲನೆಯದಕ್ಕೆ 100 ಗಂಟೆ ಆಗಿದ್ದರೆ ಎರಡು ಮಾಡಿದಾಗ ಸರಾಸರಿ 80, ನಾಲ್ಕು ಮಾಡಿದಾಗ 64, ಎಂಟು ಮಾಡಿದಾಗ 51.2. ಎಂಟಕ್ಕೆ 800 ಗಂಟೆ ಬೇಕು ಅಂದುಕೊಂಡವರಿಗೆ 409.6 ಗಂಟೆಯಲ್ಲೇ ಕೆಲಸ ಮುಗಿಯುತ್ತದೆ. ಸರಿ, ಎರಡರಷ್ಟು ಆಗದೆ ಐದೋ ಏಳೋ ಆದರೆ? ಆಗ ಲಾಗರಿಥಮ್ ಬೇಕು. 0.8ರ ಲಾಗ್ ತಗೊಂಡು 2ರ ಲಾಗ್‌ನಿಂದ ಭಾಗಿಸಿದರೆ ಮೈನಸ್ 0.322 ಬರುತ್ತದೆ, ಅದು ಘಾತಾಂಕ. ಲಾಗ್ ಟೇಬಲ್ ಪುಸ್ತಕ ಯಾಕಿದೆ ಅಂತ ನನಗೆ ಅವತ್ತು ತಿಳಿಯಿತು.

ಫ್ಯಾಕ್ಟರಿಗೆ ಸೇರಿದ ಮೇಲೆ ಇದನ್ನು ಕಣ್ಣಾರೆ ನೋಡಿದೆ. ಹೊಸ ಸ್ಟೈಲ್ ಲೈನಿಗೆ ಬಂದ ದಿನ ಪ್ರೊಡಕ್ಷನ್ ಬೀಳುತ್ತದೆ. ಕಾಲರ್ ಬೇರೆ, ಪಾಕೆಟ್ ಬೇರೆ, ಕೈಗೆ ಅಭ್ಯಾಸ ಇಲ್ಲ. ಒಂದು ಶರ್ಟಿಗೆ ಇಷ್ಟು ನಿಮಿಷ ಅಂತ ಮೊದಲೇ ಲೆಕ್ಕ ಹಾಕಿರುತ್ತಾರೆ, ಮೊದಲ ದಿನ ಯಾವ ಲೈನೂ ಅದರ ಹತ್ತಿರ ಬರುವುದಿಲ್ಲ. ದಿನ ಕಳೆದ ಹಾಗೆ ಏರುತ್ತದೆ. ಆಮೇಲೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಮೆಷಿನ್ನು ಹೊಲಿಯುವ ವೇಗ ಕಲಿಕೆಯಿಂದ ಹೆಚ್ಚಾಗಲ್ಲವಲ್ಲ. ದೊಡ್ಡ ಆರ್ಡರಿನಲ್ಲಿ ಲಾಭ, ಚಿಕ್ಕ ಚಿಕ್ಕ ಆರ್ಡರಿನಲ್ಲಿ ನಷ್ಟ ಯಾಕೆ ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ಸ್ಟೈಲ್ ಬದಲಾದ ದಿನವೇ ಹಳೇ ಟಾರ್ಗೆಟ್ ಕೇಳಿ ಹೆಣ್ಣುಮಕ್ಕಳ ಮೇಲೆ ಕೂಗಾಡುವ ಸೂಪರ್‌ವೈಸರ್‌ಗಳಿಗೆ ಈ ಪಾಠ ಒಂದು ದಿನ ಮಾಡಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಇಷ್ಟೆಲ್ಲ ಇರುವ ವಿಷಯ ಸಿಗುವುದು ಮಾತ್ರ ಕಷ್ಟ. ಕಾಮರ್ಸ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಇರುವುದು ಎಚ್‌ಇಬಿಎ, ಎಸ್‌ಇಬಿಎ, ಸಿಇಬಿಎ. ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ ಜೊತೆಗೆ ಹಿಸ್ಟರಿ, ಸ್ಟಾಟಿಸ್ಟಿಕ್ಸ್ ಇಲ್ಲವೇ ಕಂಪ್ಯೂಟರ್. ಬೇಸಿಕ್ ಮ್ಯಾಥ್ಸ್ ಕೊಡಲು ಗಣಿತದ ಲೆಕ್ಚರರ್ ಬೇಕು. ಸೈನ್ಸ್ ಇಲ್ಲದ ಕಾಲೇಜಿನಲ್ಲಿ ಆ ಹುದ್ದೆಯೇ ಇರುವುದಿಲ್ಲ. ಸೈನ್ಸ್ ಇರುವ ಕಡೆ ಅವರ ಸಮಯವೆಲ್ಲ ಪಿಸಿಎಂಬಿಗೇ ಹೋಗುತ್ತದೆ. ಕೇಳುವ ಮಕ್ಕಳು ಕಡಿಮೆ, ಅದಕ್ಕೆ ಕೊಡುವವರಿಲ್ಲ. ಕೊಡುವವರಿಲ್ಲ, ಅದಕ್ಕೆ ಕೇಳುವುದು ಯಾರಿಗೂ ಹೊಳೆಯುವುದಿಲ್ಲ. ಎಸ್‌ಇಬಿಎ ಸಿಕ್ಕರೆ ಅದೂ ಒಳ್ಳೆಯದೇ, ಸ್ಟಾಟಿಸ್ಟಿಕ್ಸ್ ಗಟ್ಟಿ ವಿಷಯ. ಆದರೆ ಅದನ್ನೂ "ಸುಮ್ನೆ ಕಷ್ಟ, ಹಿಸ್ಟರಿ ತಗೋ, ಪರ್ಸೆಂಟೇಜ್ ಬರತ್ತೆ" ಅಂತ ಬಿಡಿಸುವ ಹಿರಿಯರಿದ್ದಾರೆ.

ಬಿಟ್ಟವರನ್ನು ಗಣಿತ ಬಿಡುತ್ತದಾ? ಕಾಮರ್ಸ್‌ಗೆ ಬಂದವರಲ್ಲಿ ಎಷ್ಟೋ ಜನರ ಕನಸು ಸಿಎ. ಸಿಎ ಫೌಂಡೇಶನ್‌ನ ಮೂರನೇ ಪೇಪರ್ ಕ್ವಾಂಟಿಟೇಟಿವ್ ಆಪ್ಟಿಟ್ಯೂಡ್, 100 ಅಂಕ. ಅದರಲ್ಲಿ ಬಿಸಿನೆಸ್ ಮ್ಯಾಥ್ಸ್ 40, ಲಾಜಿಕಲ್ ರೀಸನಿಂಗ್ 20, ಸ್ಟಾಟಿಸ್ಟಿಕ್ಸ್ 40. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಶ್ರೇಢಿ, ಪರ್ಮ್ಯುಟೇಷನ್, ಡೆರಿವೇಟಿವ್, ಬಡ್ಡಿ, ಆನ್ಯುಯಿಟಿ, ಎಲ್ಲ ಅಲ್ಲಿವೆ. ಮ್ಯಾಥ್ಸ್ ಬೇಡ ಅಂತಲೇ ಕಾಮರ್ಸ್‌ಗೆ ಬಂದ ಹುಡುಗ ಎರಡು ವರ್ಷ ಆದಮೇಲೆ ಅದರ ಎದುರು ಕೂತಿರುತ್ತಾನೆ. ಬೇಸಿಕ್ ಮ್ಯಾಥ್ಸ್ ಓದಿದವರಿಗೆ ಆ ಪೇಪರಿನ ಬಹುಪಾಲು ಹಳೇ ಪರಿಚಯ.

ಆರ್ಟ್ಸ್‌ನವರ ಕಥೆ ಇನ್ನೂ ಬೇಸರದ್ದು. ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್, ಸೋಷಿಯಾಲಜಿ. ಎಕನಾಮಿಕ್ಸ್ ಇದೆ, ಅದಕ್ಕೆ ಬೇಕಾದ ಗಣಿತ ಇಲ್ಲ. ಮುಂದೆ ದೆಹಲಿ ವಿಶ್ವವಿದ್ಯಾಲಯದಲ್ಲಿ ಎಕನಾಮಿಕ್ಸ್ ಆನರ್ಸ್ ಓದುತ್ತೇನೆ ಅಂದರೆ ಹನ್ನೆರಡರಲ್ಲಿ ಮ್ಯಾಥ್ಸ್ ಓದಿರಬೇಕು. ಆ ದಾರಿ ಮುಚ್ಚಿದೆ ಅಂತ ಫಾರಂ ತುಂಬುವಾಗ ಆ ಹುಡುಗಿಗೆ ಯಾರೂ ಹೇಳಿರುವುದಿಲ್ಲ. ಡಿಗ್ರಿ ಮುಗಿಸಿ ಬ್ಯಾಂಕ್ ಪರೀಕ್ಷೆಗೋ ಸರ್ಕಾರಿ ಕೆಲಸದ ಪರೀಕ್ಷೆಗೋ ಕೂತಾಗ ಗಣಿತ ಮತ್ತೆ ಎದುರಾಗುತ್ತದೆ. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು, ಊರಿಂದ ದುಡ್ಡು ತರಿಸಿಕೊಂಡು, ಇಪ್ಪತ್ಮೂರನೇ ವಯಸ್ಸಿನಲ್ಲಿ ಶೇಕಡಾವಾರು, ಕೆಲಸ-ಕಾಲ, ರೈಲು-ಪ್ಲಾಟ್‌ಫಾರಂ ಲೆಕ್ಕಗಳನ್ನು ಶಾರ್ಟ್‌ಕಟ್ಟಿನಲ್ಲಿ ಕಲಿಯುತ್ತಾರೆ. ಏಳೆಂಟು ವರ್ಷದ ಅಂತರ ಬಿದ್ದಿರುತ್ತದೆ. ಪಿಯುನಲ್ಲಿ ವಾರಕ್ಕೆ ನಾಲ್ಕು ಗಂಟೆ ಹದವಾದ ಗಣಿತ ಇದ್ದಿದ್ದರೆ ಈ ಕೋಚಿಂಗ್ ಫೀಸಿನಲ್ಲಿ ಒಂದಿಷ್ಟಾದರೂ ಉಳಿಯುತ್ತಿತ್ತು.

ವ್ಯವಹಾರದ ಗಣಿತ ಕೀಳು, ಶುದ್ಧ ಗಣಿತ ಮೇಲು ಅನ್ನುವುದು ನಮ್ಮಲ್ಲಿ ಹಳೆಯದೇನೂ ಅಲ್ಲ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರ ಗಣಿತ ತೆಗೆದರೆ ಅಲ್ಲಿ ಬಡ್ಡಿ, ಮಿಶ್ರಣ, ಚಿನ್ನದ ಬಣ್ಣದ (ಅಂದರೆ ಶುದ್ಧತೆಯ) ಲೆಕ್ಕ ತುಂಬಿಕೊಂಡಿದೆ. ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಬರೆದ ಗಣಿತಗ್ರಂಥದ ಹೆಸರು 'ವ್ಯವಹಾರಗಣಿತ'. ಅವರ್ಯಾರಿಗೂ ಬಡ್ಡಿ ಲೆಕ್ಕ ಮಾಡಿದ್ದಕ್ಕೆ ಮರ್ಯಾದೆ ಕಡಿಮೆಯಾಗಲಿಲ್ಲ.

ಬೇರೆ ಬೋರ್ಡುಗಳು ಏನು ಮಾಡಿವೆ? ಸಿಬಿಎಸ್‌ಇ 2020-21ರಿಂದ ಹನ್ನೊಂದು, ಹನ್ನೆರಡಕ್ಕೆ ಅಪ್ಲೈಡ್ ಮ್ಯಾಥಮ್ಯಾಟಿಕ್ಸ್ ತಂದಿತು. ಹತ್ತರಲ್ಲಿ ಬೇಸಿಕ್ ಪೇಪರ್ ಬರೆದವರೂ ಇದನ್ನು ತಗೊಳ್ಳಬಹುದು. ಇಎಂಐ, ಸಿಂಕಿಂಗ್ ಫಂಡ್, ಟಿ-ಟೆಸ್ಟ್ (ಸಣ್ಣ ಸ್ಯಾಂಪಲ್ ನೋಡಿ ತೀರ್ಮಾನಕ್ಕೆ ಬರುವ ಸ್ಟಾಟಿಸ್ಟಿಕ್ಸ್ ವಿಧಾನ), ಲೀನಿಯರ್ ಪ್ರೋಗ್ರಾಮಿಂಗ್ ಇವೆ. ಕ್ಯಾಲ್ಕುಲಸ್ ಕೂಡಾ ಇದೆ. ನೋಡಿದರೆ ನಮ್ಮ ಬೇಸಿಕ್ ಮ್ಯಾಥ್ಸ್‌ನ ಹೊಸ ಬಟ್ಟೆ ತೊಟ್ಟ ತಂಗಿ. ಹನ್ನೆರಡನೇ ಕ್ಲಾಸಿನಲ್ಲೇ ಟಿ-ಟೆಸ್ಟ್ ಮುಟ್ಟಿಸಿರುವುದು ನನಗೆ ಹೊಟ್ಟೆಕಿಚ್ಚು ತರಿಸಿದ ವಿಷಯ. ಐಬಿ ಅನ್ನುವ ಅಂತರರಾಷ್ಟ್ರೀಯ ಬೋರ್ಡಿನ ಶಾಲೆಗಳಲ್ಲಿ 2019ರಿಂದ ಎರಡು ಬಗೆ: ಅನಾಲಿಸಿಸ್ ಅಂಡ್ ಅಪ್ರೋಚಸ್, ಅಪ್ಲಿಕೇಶನ್ಸ್ ಅಂಡ್ ಇಂಟರ್‌ಪ್ರಿಟೇಶನ್. ಎರಡರಲ್ಲೂ ಎರಡೆರಡು ಮಟ್ಟ. ಒಟ್ಟು ನಾಲ್ಕು ಕೋರ್ಸು. ಗಣಿತ ಬೇಡ ಅನ್ನುವ ಆಯ್ಕೆ ಸಾಮಾನ್ಯವಾಗಿ ಇಲ್ಲ, ಯಾವುದು ಅನ್ನುವುದಷ್ಟೇ. ಆದರೆ ಆ ಶಾಲೆಗಳ ಫೀಸಿನ ಮಾತು ಇಲ್ಲಿ ಎತ್ತುವುದೇ ಬೇಡ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಐಸಿಎಸ್‌ಇ ಬೋರ್ಡಿನ ಹನ್ನೆರಡನೇ ಕ್ಲಾಸು, ಅಂದರೆ ಐಎಸ್‌ಸಿಯವರ ಏರ್ಪಾಡು. ಹನ್ನೆರಡನೇ ಕ್ಲಾಸಿನ ಗಣಿತದ ಪೇಪರ್ 80 ಅಂಕ. ಅದರಲ್ಲಿ 65 ಅಂಕದ 'ಎ' ಭಾಗ ಎಲ್ಲರಿಗೂ ಒಂದೇ. ಉಳಿದ 15ಕ್ಕೆ ಆಯ್ಕೆ. 'ಬಿ' ತಗೊಂಡರೆ ವೆಕ್ಟರ್, ಮೂರು ಆಯಾಮದ ರೇಖಾಗಣಿತ. 'ಸಿ' ತಗೊಂಡರೆ ವಾಣಿಜ್ಯದಲ್ಲಿ ಕ್ಯಾಲ್ಕುಲಸ್, ರಿಗ್ರೆಷನ್, ಲೀನಿಯರ್ ಪ್ರೋಗ್ರಾಮಿಂಗ್. ಸೈನ್ಸ್ ಹುಡುಗನೂ ಕಾಮರ್ಸ್ ಹುಡುಗಿಯೂ ಒಂದೇ ರೂಮಿನಲ್ಲಿ ಒಂದೇ ಲೆಕ್ಚರರ್ ಹತ್ತಿರ ಕಲಿಯಬಹುದು. ಹದಿನೈದು ಅಂಕದ ಮಟ್ಟಿಗೆ ಬೇರೆಯಾಗುತ್ತಾರೆ. ಇಬ್ಬರ ಮಾರ್ಕ್ಸ್ ಕಾರ್ಡಿನಲ್ಲೂ ಬರುವ ಹೆಸರು ಒಂದೇ, ಗಣಿತ. ಕಾಲೇಜಿಗೆ ಹೊಸ ಹುದ್ದೆ ಬೇಕಿಲ್ಲ, ಮಕ್ಕಳಿಗೆ ಕೀಳರಿಮೆ ಬೇಕಿಲ್ಲ. ನಮ್ಮ ಪಿಯು ಮಂಡಳಿ ಇದನ್ನು ಯಾಕೆ ಮಾಡಬಾರದು ಅನ್ನುವುದಕ್ಕೆ ನನಗೆ ಗಟ್ಟಿ ಕಾರಣ ಕಾಣಿಸುತ್ತಿಲ್ಲ.

ಅಮೆರಿಕದಲ್ಲಿರುವ ನನ್ನ ಅಕ್ಕನ ಮನೆಯ ಜಗಳವೇ ಬೇರೆ. ಅಲ್ಲಿ ಮ್ಯಾಥ್ಸ್ ಬಿಡುವ ಮಾತೇ ಬರುವುದಿಲ್ಲ, ಯಾವ ವರ್ಷ ಯಾವುದು ಅನ್ನುವುದೇ ತಲೆನೋವು. ಆಲ್ಜಿಬ್ರಾ 1, ಜ್ಯಾಮಿಟ್ರಿ, ಆಲ್ಜಿಬ್ರಾ 2, ಪ್ರಿಕ್ಯಾಲ್ಕುಲಸ್, ಆಮೇಲೆ ಎಪಿ, ಅಂದರೆ ಕಾಲೇಜು ಮಟ್ಟದ, ಕ್ಯಾಲ್ಕುಲಸ್ ಇಲ್ಲವೇ ಸ್ಟಾಟಿಸ್ಟಿಕ್ಸ್. ಹೈಸ್ಕೂಲಿಗೆ ನಾಲ್ಕೇ ವರ್ಷ. ಹಾಗಾಗಿ ಎಂಟರಲ್ಲೇ ಆಲ್ಜಿಬ್ರಾ 1 ಮುಗಿಸಿದವರಿಗೆ ಕ್ಯಾಲ್ಕುಲಸ್ ಸಲೀಸು, ಮುಗಿಸದವರು ಎಲ್ಲೋ ಒಂದು ಕಡೆ ಎರಡು ಕೋರ್ಸ್ ಒಟ್ಟಿಗೆ ಮಾಡಬೇಕು. ಸ್ಯಾನ್ ಫ್ರಾನ್ಸಿಸ್ಕೋ ಶಾಲೆಗಳು 2014ರಲ್ಲಿ ಎಂಟನೇ ಕ್ಲಾಸಿನ ಆಲ್ಜಿಬ್ರಾ ತೆಗೆದುಬಿಟ್ಟವು. ಮಕ್ಕಳನ್ನು ಚಿಕ್ಕ ವಯಸ್ಸಿಗೇ ಜಾಣರು, ದಡ್ಡರು ಅಂತ ಬೇರೆ ಮಾಡುವುದು ಬೇಡ ಅನ್ನುವ ಒಳ್ಳೆಯ ಉದ್ದೇಶ. ಹತ್ತು ವರ್ಷ ಜಗಳ ನಡೆದು 2024ರ ಮಾರ್ಚಿನಲ್ಲಿ ಊರಿನವರು ಮತ ಹಾಕಿ, ವಾಪಸ್ ತನ್ನಿ ಅಂದರು. ಬೀಜಗಣಿತದ ಮೇಲೆ ಮತದಾನ! ನಮ್ಮಲ್ಲಿ ಯಾವುದಾದರೂ ಚುನಾವಣೆಯಲ್ಲಿ ಬೇಸಿಕ್ ಮ್ಯಾಥ್ಸ್ ಲೆಕ್ಚರರ್ ಹುದ್ದೆಯ ಮಾತು ಬಂದರೆ ನಾನು ಬೂತಿಗೆ ಎಲ್ಲರಿಗಿಂತ ಮೊದಲು ಹೋಗುತ್ತೇನೆ.

ಪಠ್ಯದ ಹೊರಗೆ ಇನ್ನೊಂದು ಗಣಿತ ಇದೆ, ಒಲಿಂಪಿಯಾಡ್. ಶಾಲೆಗಳಲ್ಲಿ ದುಡ್ಡು ಕಟ್ಟಿಸಿಕೊಂಡು ಎಲ್ಲರಿಗೂ ಮೆಡಲ್ ಹಂಚುವ ಖಾಸಗಿ ಒಲಿಂಪಿಯಾಡ್‌ಗಳ ಮಾತಲ್ಲ. ಮೊದಲು ಐಒಕ್ಯೂಎಂ ಅನ್ನುವ ಅರ್ಹತಾ ಪರೀಕ್ಷೆ, ಆಮೇಲೆ ಪ್ರಾದೇಶಿಕ ಮಟ್ಟದ ಆರ್‌ಎಂಒ, ರಾಷ್ಟ್ರ ಮಟ್ಟದ ಐಎನ್‌ಎಂಒ, ಕೊನೆಗೆ ದೇಶದ ತಂಡ. ಎಂಟನೇ ಕ್ಲಾಸಿನಿಂದಲೇ ಬರೆಯಬಹುದು. ಇಲ್ಲಿ ಕ್ಯಾಲ್ಕುಲಸ್ ಬೇಕಿಲ್ಲ. ಸಂಖ್ಯೆಗಳು, ರೇಖಾಗಣಿತ, ಬೀಜಗಣಿತ, ಎಣಿಕೆ, ಅಷ್ಟೇ. ಐಒಕ್ಯೂಎಂನಲ್ಲಿ 30 ಪ್ರಶ್ನೆಗೆ ಮೂರು ಗಂಟೆ, ಒಂದಕ್ಕೆ ಆರು ನಿಮಿಷ. ಆರ್‌ಎಂಒನಲ್ಲಿ ಆರು ಪ್ರಶ್ನೆಗೆ ಮೂರು ಗಂಟೆ. ಐಎನ್‌ಎಂಒನಲ್ಲಿ ಆರಕ್ಕೆ ನಾಲ್ಕೂವರೆ ಗಂಟೆ, ಅಂದರೆ ಒಂದೊಂದಕ್ಕೆ 45 ನಿಮಿಷ. ಸಿಇಟಿಯ 80 ಸೆಕೆಂಡಿನ ಪಕ್ಕ ಇಟ್ಟು ನೋಡಿ. ಎರಡಕ್ಕೂ ಗಣಿತ ಅಂತಲೇ ಹೆಸರು. ಈ ಒಲಿಂಪಿಯಾಡ್ ದೇಶದಲ್ಲಿ ಬೇರೂರಿದ್ದಕ್ಕೆ ಬೆಂಗಳೂರಿನ ಪಾಲು ದೊಡ್ಡದು. ಐಐಎಸ್‌ಸಿಯಲ್ಲಿದ್ದ ಒಲಿಂಪಿಯಾಡ್ ಘಟಕದಲ್ಲಿ ಸಿ.ಆರ್. ಪ್ರಾಣೇಶಾಚಾರ್, ಬಿ.ಜೆ. ವೆಂಕಟಾಚಲ ಅವರಂಥವರು ವರ್ಷಗಟ್ಟಲೆ ಮಕ್ಕಳನ್ನು ತಯಾರು ಮಾಡಿದರು. ಆದರೂ ನಮ್ಮ ತಾಲ್ಲೂಕಿನ ಹೈಸ್ಕೂಲಿನಲ್ಲಿ ಇದರ ಹೆಸರು ಕೇಳಿದ ಮಕ್ಕಳು ನನಗೆ ಸಿಕ್ಕಿಲ್ಲ. ಈಗ ನಗರಗಳಲ್ಲಿ ಇದಕ್ಕೂ ಆರನೇ ಕ್ಲಾಸಿನಿಂದ ಕೋಚಿಂಗ್ ಶುರುವಾಗಿದೆಯಂತೆ. ಕೇಳಿ ಸುಸ್ತಾಯಿತು.

ಮ್ಯಾಥ್ಸ್ ಬಿಟ್ಟವರಿಗೆ ಹಿಂದಿನಿಂದ ಬರುವ ದಾರಿಗಳೂ ಇವೆ. ಎಸ್‌ಎಸ್‌ಎಲ್‌ಸಿ ಆದಮೇಲೆ ಪಾಲಿಟೆಕ್ನಿಕ್ ಸೇರಿದರೆ ಅಲ್ಲಿ ಇಂಜಿನಿಯರಿಂಗ್ ಮ್ಯಾಥಮ್ಯಾಟಿಕ್ಸ್ ಇದೆ, ಪಿಯುಗಿಂತ ಹಗುರ, ಕೆಲಸಕ್ಕೆ ಹತ್ತಿರ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಇಂಜಿನಿಯರಿಂಗ್‌ಗೆ ಹೋದವರಿಗೆ ವಿಟಿಯು ಹೆಚ್ಚುವರಿ ಗಣಿತದ ಪೇಪರ್ ಇಟ್ಟಿತ್ತು. ಹುಡುಗರ ಬಾಯಲ್ಲಿ ಅದು "ಡಿಪ್ ಮ್ಯಾಥ್ಸ್". ನಮ್ಮ ಫ್ಯಾಕ್ಟರಿಯ ಮೇಂಟೆನೆನ್ಸ್ ಇಂಜಿನಿಯರ್ ಅದೇ ದಾರಿಯಲ್ಲಿ ಬಂದವರು. ಇನ್ನೊಂದು, ಎನ್‌ಐಒಎಸ್. ಓಪನ್ ಸ್ಕೂಲ್‌ನಲ್ಲಿ ಪೂರ್ತಿ ಹನ್ನೆರಡನೇ ಕ್ಲಾಸ್ ಓದಬೇಕಿಲ್ಲ, ಗಣಿತ ಒಂದನ್ನೇ ತಗೊಂಡು ಬರೆಯುವ ಅವಕಾಶ ಕೊಡುತ್ತಾರೆ. ಮುಂದೆ ಸೇರಬೇಕಾದ ಕೋರ್ಸಿನವರು ಅದನ್ನು ಒಪ್ಪುತ್ತಾರಾ ಅಂತ ಮೊದಲೇ ಕೇಳಿಕೊಂಡರೆ ಒಳ್ಳೆಯದು.

ಈ ವರ್ಷ ಫೋನ್ ಮಾಡಿದವರಲ್ಲಿ ನಮ್ಮ ಚಿಕ್ಕಮ್ಮನ ಮೊಮ್ಮಗಳೂ ಒಬ್ಬಳು. ಅಪರೂಪಕ್ಕೆ ಮಗುವೇ ಮಾತಾಡಿತು. ಗಣಿತದಲ್ಲಿ 71. ಇಂಜಿನಿಯರಿಂಗ್ ಬೇಡ, ಆದರೆ ಲೆಕ್ಕ ಬಿಡೋಕೂ ಇಷ್ಟ ಇಲ್ಲ ಅಂದಳು. ಕಾಲೇಜಿಗೆ ಹೋದಾಗ ಆಫೀಸಿನಲ್ಲಿ ಮೂರು ವಿಷಯ ಕೇಳು ಅಂದೆ. ಕಾಮರ್ಸ್ ಜೊತೆ ಬೇಸಿಕ್ ಮ್ಯಾಥ್ಸ್ ಇದೆಯಾ? ಇದ್ದರೆ ಅದಕ್ಕೆ ಲೆಕ್ಚರರ್ ಇದ್ದಾರಾ, ಅಥವಾ ಗೆಸ್ಟ್ ಬರುವ ತನಕ ಪೀರಿಯಡ್ ಖಾಲಿನಾ? ಹೋದ ವರ್ಷ ಎಷ್ಟು ಮಕ್ಕಳು ತಗೊಂಡಿದ್ದರು? ಮೊದಲ ಕಾಲೇಜಿನಲ್ಲಿ "ಪ್ರಾಸ್ಪೆಕ್ಟಸ್‌ನಲ್ಲಿ ಇದೆ, ಯಾರೂ ತಗೊಳ್ಳಲ್ಲ" ಅಂದರಂತೆ. ಎರಡನೆಯದರಲ್ಲಿ ಹತ್ತು ಮಕ್ಕಳಾದರೆ ಬ್ಯಾಚ್ ಶುರು ಮಾಡುತ್ತೇವೆ ಅಂದಿದ್ದಾರೆ. ಈಗ ಅವಳು ತನ್ನ ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಲರ್ನಿಂಗ್ ಕರ್ವ್ ಅಂದರೇನು ಅಂತ ವಿವರಿಸಿ ಜನ ಸೇರಿಸುತ್ತಿದ್ದಾಳೆ. ನಿನ್ನೆಯವರೆಗೆ ಆರು ಜನ ಆಗಿದ್ದಾರೆ.